ಓದುಗರ ಪ್ರಶ್ನೆ: ಮೂರು ಕಿಲೋಮೀಟರ್ ನಡೆದರೆ ಯಾರ ಕ್ಯಾನ್ಸರ್ ವಾಸಿಯಾಗುತ್ತದೆ?

ಪ್ರಶ್ನೆ: ಅಕ್ಟೋಬರ್ ಬಂತೆಂದರೆ ನಮ್ಮ ಚಿಕ್ಕಮಗಳೂರಿನಲ್ಲೂ ಗುಲಾಬಿ ಟೀ ಶರ್ಟ್ ತೊಟ್ಟು ಸ್ತನ ಕ್ಯಾನ್ಸರ್ ಹೆಸರಿನಲ್ಲಿ ನಡೆಯುತ್ತಾರೆ. ಈ ಸಲ ನನ್ನ ನಾದಿನಿ ಹೆಸರು ಕೊಟ್ಟಿದ್ದಾಳೆ, ನನ್ನನ್ನೂ ಕರೆಯುತ್ತಿದ್ದಾಳೆ. ಮುನ್ನೂರು ರೂಪಾಯಿ ಕಟ್ಟಿ ಮೂರು ಕಿಲೋಮೀಟರ್ ನಡೆದರೆ ಯಾರ ಕಾಯಿಲೆ ವಾಸಿಯಾಗುತ್ತದೆ? ಆ ಹಣವನ್ನು ನೇರವಾಗಿ ರೋಗಿಗೇ ಕೊಡಬಾರದೇ? ಜನ ಏಕೆ ಹೋಗುತ್ತಾರೆ?

ಉತ್ತರ: ಯಾರ ಕಾಯಿಲೆಯೂ ವಾಸಿಯಾಗುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಿತ್ಯ ನಡೆಯುವ ಅಭ್ಯಾಸ ಇದ್ದವರಿಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಸ್ವಲ್ಪ ಕಡಿಮೆ ಎಂಬುದು ನಿಜ. ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆಚ್ಚಗಾಗುವಂತೆ ದುಡಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ವರ್ಷಕ್ಕೊಂದು ಭಾನುವಾರ ಬೆಳಿಗ್ಗೆ ನಡೆದು, ಆಮೇಲೆ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಬಂದರೆ ಆ ಲೆಕ್ಕಕ್ಕೆ ಸೇರುವುದಿಲ್ಲ.

ನಿಮ್ಮ ಪ್ರಶ್ನೆಯನ್ನು ಹೋದ ವರ್ಷದ ತನಕ ನಾನೂ ಕೇಳುತ್ತಿದ್ದೆ, ನಿಮಗಿಂತ ಒರಟಾಗಿ. ನಾನು ಹೋದದ್ದು ಅತ್ತಿಗೆಗಾಗಿ. ಅವರಿಗೆ ನಾಲ್ಕು ವರ್ಷದ ಹಿಂದೆ ಬೆಂಗಳೂರಿನಲ್ಲಿ ಎಡಭಾಗದ ಸ್ತನ ತೆಗೆದಿದ್ದರು. ಊರಿಗೆ ನಾವು ಹೇಳಿದ್ದು ಗರ್ಭಕೋಶದ ಆಪರೇಷನ್ ಎಂದು. ಕಿಮೋಥೆರಪಿಗೆ ತಲೆಗೂದಲೆಲ್ಲ ಉದುರಿದಾಗ, ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದೆವು ಎಂದೆವು. ಲಾಡು ಕೇಳಿದವರಿಗೆ ಬೇರೆ ಕಡೆಯಿಂದ ತರಿಸಿ ಹಂಚಿದ್ದೂ ಆಯಿತು. ಆಗ ಮನೆಯಲ್ಲಿ ಮಗಳಿಗೆ ಗಂಡು ನೋಡುತ್ತಿದ್ದರು. ತಾಯಿಗೆ ಬಂದದ್ದು ಮಗಳಿಗೂ ಬರುತ್ತದಂತೆ ಎಂಬ ಮಾತು ಹುಟ್ಟಬಾರದೆಂದು ಹೆದರಿಕೆ. ನಿಜವಾಗಿ ನೋಡಿದರೆ ಸ್ತನ ಕ್ಯಾನ್ಸರ್ ಬಂದ ನೂರು ಜನರಲ್ಲಿ ಐದರಿಂದ ಹತ್ತು ಜನರಿಗೆ ಮಾತ್ರ ಅದು ಹುಟ್ಟಿನಿಂದ ಬಂದ ಜೀನ್‌ನ ದೋಷದಿಂದ ಬಂದಿರುತ್ತದೆ. ಅದನ್ನು ನಾವು ಆಗ ವಿಚಾರಿಸಲೂ ಇಲ್ಲ. ಸುಳ್ಳು ಕಟ್ಟುವುದರಲ್ಲೇ ಮುಳುಗಿದ್ದೆವು.

ಆ ಭಾನುವಾರ ಆಜಾದ್ ಪಾರ್ಕ್ ಹತ್ತಿರ ಸೇರಿದ್ದೆವು. ಮಂಜು ಇನ್ನೂ ಹರಿದಿರಲಿಲ್ಲ, ಬೀದಿದೀಪ ಆರಿರಲಿಲ್ಲ. ಮುಂದೆ ಹಿಡಿಯುವ ಬ್ಯಾನರ್ ನೋಡಿದರೆ, ಅದರಲ್ಲಿ ‘ಮಹಿಳಾ ಆರೋಗ್ಯ ಜಾಗೃತಿ ನಡಿಗೆ’ ಎಂದಷ್ಟೇ ಇತ್ತು. ಸ್ತನ ಎಂಬ ಪದ ಎಲ್ಲೂ ಇಲ್ಲ. ಹಣ ಕೊಟ್ಟವರೊಬ್ಬರಿಗೆ ತಮ್ಮ ಅಂಗಡಿಯ ಹೆಸರಿನ ಪಕ್ಕದಲ್ಲಿ ಆ ಪದ ಇರುವುದು ಮುಜುಗರವಾಯಿತಂತೆ. ಗುಲಾಬಿ ಬಣ್ಣ ಮಾತ್ರ ಧಾರಾಳವಾಗಿತ್ತು.

ಆ ಪದವನ್ನು ಬಾಯಿಬಿಟ್ಟು ಹೇಳಿದವಳು ಒಬ್ಬ ಆಶಾ ಕಾರ್ಯಕರ್ತೆ. ಕೈಮೈಕು ಹಿಡಿದು, ‘ಸ್ತನ ಕ್ಯಾನ್ಸರ್ ಗುಣವಾಗುವ ಕಾಯಿಲೆ, ಎದೆಯ ಗಂಟು ಮುಚ್ಚಿಡಬೇಡಿ’ ಎಂದು ಕೂಗಿದಳು. ಎಂ.ಜಿ. ರಸ್ತೆಯ ಬದಿಯಲ್ಲಿ ಟೀ ಕುಡಿಯುತ್ತಿದ್ದ ನಾಲ್ಕೈದು ಹುಡುಗರು ಕಿಸಕ್ಕನೆ ನಕ್ಕರು. ನಮ್ಮ ಸಾಲಿನಲ್ಲೇ ಕೆಲವರು ತಲೆ ತಗ್ಗಿಸಿದರು, ನಾನೂ ತಗ್ಗಿಸಿದೆ. ಅವಳು ಬಿಡಲಿಲ್ಲ, ಪ್ರತಿ ಐವತ್ತು ಹೆಜ್ಜೆಗೊಮ್ಮೆ ಅದನ್ನೇ ಕೂಗಿದಳು. ಹನುಮಂತಪ್ಪ ವೃತ್ತ ಬರುವ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಜನ ತಿದ್ದಿಕೊಂಡರು ಎಂದೇನೂ ಅಲ್ಲ, ಅಷ್ಟರಲ್ಲಿ ಪದ ಹಳತಾಗಿತ್ತು. ನೆಗಡಿ, ಸಕ್ಕರೆ ಕಾಯಿಲೆ, ಬಿಪಿ ಎಂಬ ಪದಗಳಷ್ಟು ಹಳತು. ನಡಿಗೆಯಿಂದ ಏನು ಪ್ರಯೋಜನ ಎಂದು ಕೇಳಿದರೆ ನಾನು ಮೊದಲು ಈ ಅರ್ಧ ಕಿಲೋಮೀಟರನ್ನು ತೋರಿಸುತ್ತೇನೆ.

ಏಕೆಂದರೆ ಈ ಕಾಯಿಲೆಯಲ್ಲಿ ಸಂಕೋಚಕ್ಕೆ ತೆರುವ ಬೆಲೆ ದೊಡ್ಡದು. ಭಾರತದ ಹೆಂಗಸರಲ್ಲಿ ಇವತ್ತು ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದು. 2022ರ ಅಂದಾಜಿನಲ್ಲಿ ಒಂದೇ ವರ್ಷಕ್ಕೆ ಸುಮಾರು 1.9 ಲಕ್ಷ ಹೊಸ ರೋಗಿಗಳು, ಸುಮಾರು 98 ಸಾವಿರ ಸಾವು. ಬೇಗ ಕಂಡುಹಿಡಿದರೆ ಬಹುಪಾಲು ಮಂದಿ ಬದುಕುವ ಕಾಯಿಲೆಯಲ್ಲಿ ಇಷ್ಟು ಸಾವು ಏಕೆಂದರೆ, ನಮ್ಮಲ್ಲಿ ಹೆಂಗಸರು ಆಸ್ಪತ್ರೆಗೆ ಬರುವುದೇ ತಡವಾಗಿ. ಗಂಟು ಸಾಮಾನ್ಯವಾಗಿ ಮೊದಮೊದಲು ನೋಯುವುದಿಲ್ಲ. ನೋವಿಲ್ಲವಲ್ಲ, ಬಿಡು ಎನ್ನುತ್ತಾರೆ. ನಮ್ಮ ಕಡೆ ಇದಕ್ಕೆ ಇನ್ನೊಂದು ಸೇರುತ್ತದೆ: ಕೊಯ್ಲು ಮುಗಿಯಲಿ. ನವೆಂಬರಿನಿಂದ ಅರೇಬಿಕಾ ಕಾಫಿಯ ಹಣ್ಣು, ಅದು ಮುಗಿಯುವುದರೊಳಗೆ ರೋಬಸ್ಟಾ. ತೋಟದ ಕೂಲಿಯವರ ಲೈನ್ ಮನೆಯ ಹೆಂಗಸು ಒಂದು ದಿನ ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ತೋಟದ ಯಜಮಾನಿಯದೂ ಅದೇ ಮಾತು, ಕಣದಲ್ಲಿ ಕಾಫಿ ಹರಡಿದೆ, ಆಳುಗಳಿಗೆ ಹೇಳುವವರಿಲ್ಲ ಎಂದು. ಅಕ್ಟೋಬರಿನಲ್ಲಿ ಕೈಗೆ ಸಿಕ್ಕ ಗಂಟು ಡಾಕ್ಟರ ಕೈಗೆ ಸಿಗುವಾಗ ಮಾರ್ಚ್ ಆಗಿರುತ್ತದೆ.

ಇನ್ನು ನಡಿಗೆಯೇ ಏಕೆ, ಸಭೆ ಮಾಡಬಾರದೇ? ಸಭೆಯಲ್ಲಿ ಒಬ್ಬರು ಮಾತನಾಡುತ್ತಾರೆ, ಉಳಿದವರು ಆಕಳಿಸುತ್ತಾರೆ. ನಡೆಯುವುದು ನಮ್ಮವರಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಶಿವರಾತ್ರಿಗೆ ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗುವವರ ಸಾಲನ್ನು ನೀವೂ ನೋಡಿರುತ್ತೀರಿ. ದಾರಿಯುದ್ದಕ್ಕೂ ಜನ ಮಜ್ಜಿಗೆ, ಪಾನಕ, ಕಲ್ಲಂಗಡಿ ಕೊಡುತ್ತಾರೆ. ದೀಪಾವಳಿಗೆ ದೇವೀರಮ್ಮನ ಬೆಟ್ಟವನ್ನು ಬರಿಗಾಲಿನಲ್ಲಿ ಹತ್ತುವವರಲ್ಲಿ ಎಷ್ಟೋ ಮಂದಿಗೆ ಹರಕೆ ತಮ್ಮದಲ್ಲ. ಮಗನ ಕಾಲು, ಗಂಡನ ಕುಡಿತ, ತಂಗಿಯ ಮಗು. ಬಸ್ಸಿನಲ್ಲಿ ಹೋದರೆ ದೇವರು ಬೇಡ ಎನ್ನುತ್ತಾನೆಯೇ ಎಂದು ಅವರನ್ನು ಯಾರೂ ಕೇಳುವುದಿಲ್ಲ. ಒಬ್ಬರ ನೋವಿಗೆ ಇನ್ನೊಬ್ಬರು ಕಾಲು ನೋಯಿಸಿಕೊಳ್ಳುವುದು ಎಂದರೆ ಏನು ಎಂಬುದು ನಮಗೆ ಗೊತ್ತು. ನಮ್ಮಣ್ಣ ಆ ದಿನ ಹೆಂಡತಿಯ ಹಿಂದೆ ಹತ್ತು ಹೆಜ್ಜೆ ಬಿಟ್ಟು ಬಿಸಿನೀರಿನ ಫ್ಲಾಸ್ಕ್ ಹಿಡಿದು ನಡೆದ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಬಾಯಿಬಿಟ್ಟು ಒಂದು ಮೆಚ್ಚಿನ ಮಾತು ಆಡಿದ್ದನ್ನು ನಾನು ಕೇಳಿಲ್ಲ. ಅಂಥ ಗಂಡಸರಿಗೆ ಫ್ಲಾಸ್ಕ್ ಹಿಡಿದು ನಡೆಯುವ ಒಂದು ಅವಕಾಶ ಬೇಕಾಗುತ್ತದೆ. (ಅಂದ ಹಾಗೆ ಗಂಡಸರಿಗೂ ಈ ಕ್ಯಾನ್ಸರ್ ಬರುತ್ತದೆ, ಅಪರೂಪವಾಗಿ.)

ಎಲ್ಲರೂ ಇಂಥ ಕಾರಣಕ್ಕೇ ಬರುತ್ತಾರೆ ಎಂದು ನಾನು ಹೇಳುವುದಿಲ್ಲ. ಕಾಲೇಜಿನಿಂದ ಹಾಜರಾತಿಗೆ ಬಂದವರಿದ್ದರು, ಫೋಟೋಗೆ ಬಂದವರಿದ್ದರು, ಮೊದಲ ವೃತ್ತದಲ್ಲೇ ಕಾರು ಹತ್ತಿದ ಗಣ್ಯರೂ ಇದ್ದರು. ಜಾತ್ರೆಗೆ ಬರುವವರೆಲ್ಲ ಭಕ್ತರೇ?

ಈ ಪದ್ಧತಿ ಅಮೆರಿಕದಿಂದ ಬಂದದ್ದು. ಸೂಸನ್ ಕೋಮೆನ್ ಎಂಬಾಕೆ 1980ರಲ್ಲಿ, 36ನೇ ವಯಸ್ಸಿಗೆ, ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ತಂಗಿ ನ್ಯಾನ್ಸಿ ಬ್ರಿಂಕರ್ ಅಕ್ಕನಿಗೆ ಕೊಟ್ಟ ಮಾತಿನಂತೆ 1982ರಲ್ಲಿ ಸಂಸ್ಥೆ ಕಟ್ಟಿ, ಮರುವರ್ಷ ಡಲ್ಲಾಸ್ ನಗರದಲ್ಲಿ ಮೊದಲ ಓಟ ಏರ್ಪಡಿಸಿದರು. ಸೇರಿದವರು ಸುಮಾರು 800 ಮಂದಿ. ಗುಲಾಬಿ ರಿಬ್ಬನ್‌ನ ಕಥೆ ಇನ್ನೂ ಸ್ವಾರಸ್ಯದ್ದು, ಸ್ವಲ್ಪ ಕಹಿಯೂ ಹೌದು. ತೊಂಬತ್ತರ ದಶಕದ ಆರಂಭದಲ್ಲಿ ಷಾರ್ಲೆಟ್ ಹೇಲಿ ಎಂಬ ವೃದ್ಧೆ ಮನೆಯಲ್ಲೇ ಕುಳಿತು ಪೀಚ್ ಹಣ್ಣಿನ ಬಣ್ಣದ ರಿಬ್ಬನ್ ಮಾಡಿ ಹಂಚುತ್ತಿದ್ದರು. ಸರ್ಕಾರದ ಕ್ಯಾನ್ಸರ್ ಸಂಶೋಧನೆಯ ಹಣದಲ್ಲಿ ತಡೆಗಟ್ಟುವ ಕೆಲಸಕ್ಕೆ ಹೋಗುವುದು ಶೇ 5 ಮಾತ್ರ ಎಂದು ಅದರ ಜೊತೆಯ ಚೀಟಿಯಲ್ಲಿ ಬರೆದಿತ್ತು. ಒಂದು ಪತ್ರಿಕೆ ಮತ್ತು ಒಂದು ಪ್ರಸಾಧನ ಕಂಪನಿ ಆ ರಿಬ್ಬನ್ ಕೇಳಿದಾಗ, ಇದು ವ್ಯಾಪಾರವಾಗುತ್ತದೆ ಎಂದು ಆಕೆ ಒಪ್ಪಲಿಲ್ಲ. ಅವರು ಬಣ್ಣ ಬದಲಿಸಿ 1992ರಲ್ಲಿ ಗುಲಾಬಿ ರಿಬ್ಬನ್ ತಂದರು. ಬಣ್ಣ ಲೋಕವೆಲ್ಲ ಹಬ್ಬಿತು, ಆಕೆಯ ಚೀಟಿಯ ಪ್ರಶ್ನೆ ಹಿಂದೆ ಉಳಿಯಿತು.

ಆ ಪ್ರಶ್ನೆಯನ್ನೇ ನೀವೂ ಕೇಳುತ್ತಿದ್ದೀರಿ: ಹಣ ಎಲ್ಲಿಗೆ ಹೋಗುತ್ತದೆ? ಕೇಳಿಯೇ ಕಟ್ಟಿ. ಮುನ್ನೂರರಲ್ಲಿ ಟೀ ಶರ್ಟಿಗೆ ಎಷ್ಟು, ಶಾಮಿಯಾನಕ್ಕೆ ಎಷ್ಟು, ತಿಂಡಿಗೆ ಎಷ್ಟು, ಉಳಿದದ್ದು ಯಾರಿಗೆ ಎಂದು ಏರ್ಪಡಿಸಿದವರು ಒಂದು ಹಾಳೆಯಲ್ಲಿ ಬರೆದು ಕೊಡಬಲ್ಲವರಾಗಿರಬೇಕು. ಟ್ರಸ್ಟಿನ ನೋಂದಣಿ ಸಂಖ್ಯೆ ಇರುವ ರಸೀದಿ ಕೇಳಿ. ತಡವರಿಸಿದರೆ, ನಡೆಯಿರಿ, ಹಣ ಕೊಡಬೇಡಿ. ನೇರವಾಗಿ ರೋಗಿಗೆ ಕೊಡುವುದು ಖಂಡಿತ ಒಳ್ಳೆಯದು, ಗುರುತಿನ ರೋಗಿ ಇದ್ದರೆ. ಆದರೆ ಗುರುತು ಸಿಗುವುದು ಹೇಗೆ? ನಮ್ಮ ಓಣಿಯಲ್ಲಿ ಕಾಯಿಲೆಯವರಿದ್ದರೂ ಯಾರೂ ಒಂದು ರೂಪಾಯಿ ಕೊಡುವ ಹಾಗಿರಲಿಲ್ಲ. ನಾವು ತಿರುಪತಿಯ ಲಾಡು ಹಂಚುತ್ತಿದ್ದೆವು.

ಕೊಡುವುದಾದರೆ ಎಲ್ಲಿ ಹಣ ಸೋರುತ್ತದೆ ಎಂಬುದನ್ನು ತಿಳಿದು ಕೊಡಿ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯ ತನಕ ಚಿಕಿತ್ಸೆ ಸಿಗುತ್ತದೆ. ಬಸ್ ಚಾರ್ಜ್ ಸಿಗುವುದಿಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ 1973ರಿಂದ ಬಡವರ ಪಾಲಿಗೆ ಇದೆ ನಿಜ, ಆದರೆ ಚಿಕ್ಕಮಗಳೂರಿನಿಂದ ಅದು ಸುಮಾರು 245 ಕಿಲೋಮೀಟರ್. ಕಿಮೋ ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ. ರೇಡಿಯೇಷನ್ ಎಂದರೆ ವಾರಕ್ಕೆ ಐದು ದಿನ, ಮೂರರಿಂದ ಐದು ವಾರ. ಅಷ್ಟು ದಿನ ರೋಗಿಯ ಜೊತೆ ಒಬ್ಬರು ಅಲ್ಲೇ ಇರಬೇಕು. ಬಾಡಿಗೆ ಕೋಣೆ, ಎರಡು ಹೊತ್ತಿನ ಊಟ, ಇಬ್ಬರ ಕೂಲಿ. ಚಿಕಿತ್ಸೆಯನ್ನು ನಡುವೆ ಬಿಟ್ಟು ಬರುವವರಲ್ಲಿ ಎಷ್ಟೋ ಮಂದಿ ಈ ಚಿಲ್ಲರೆ ಖರ್ಚಿಗೆ ಸೋತವರು.

ನನ್ನ ಮಟ್ಟಿಗೆ ಒಂದು ನಡಿಗೆ ಫಲ ಕೊಟ್ಟಿತೋ ಇಲ್ಲವೋ ಎಂಬುದನ್ನು ಆಮೇಲಿನ ಸೋಮವಾರ ಎಷ್ಟು ಹೆಂಗಸರು ತಪಾಸಣೆಗೆ ಹೋದರು ಎಂಬುದರಲ್ಲಿ ನೋಡಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 30 ವರ್ಷ ದಾಟಿದ ಹೆಂಗಸರಿಗೆ ಸ್ತನ ತಪಾಸಣೆಯ ಸರ್ಕಾರಿ ಕಾರ್ಯಕ್ರಮ ಇದೆ, ಪುಕ್ಕಟೆ. ತರಬೇತಿ ಪಡೆದವರು ಕೈಯಿಂದಲೇ ಮುಟ್ಟಿ ನೋಡುತ್ತಾರೆ. ಅಷ್ಟರಿಂದ ಏನಾಗುತ್ತದೆ ಎನ್ನಬೇಡಿ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಅಲ್ಲಿನ ಕೊಳೆಗೇರಿಗಳ ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರನ್ನು ಎರಡು ವರ್ಷಕ್ಕೊಮ್ಮೆ ಹೀಗೆ ಕೈಯಿಂದಲೇ ಪರೀಕ್ಷಿಸಿ, ಇಪ್ಪತ್ತು ವರ್ಷ ಲೆಕ್ಕ ಇಟ್ಟರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಪರೀಕ್ಷೆಗೆ ಒಳಗಾದವರಲ್ಲಿ ಕಾಯಿಲೆ ಬೇಗ ಪತ್ತೆಯಾಗಿತ್ತು. ಐವತ್ತು ದಾಟಿದವರಲ್ಲಿ ಈ ಕಾಯಿಲೆಯ ಸಾವು ಸುಮಾರು ಶೇ 30ರಷ್ಟು ಇಳಿದಿತ್ತು. ಐವತ್ತರ ಕೆಳಗಿನವರಲ್ಲಿ ಸಾವಿನ ಸಂಖ್ಯೆಯಲ್ಲಿ ಅಂಥ ಇಳಿಕೆ ಕಾಣಲಿಲ್ಲ ಎಂಬುದನ್ನೂ ಹೇಳಬೇಕು.

ಗಂಟು, ಕಂಕುಳಲ್ಲಿ ಊತ, ಕಿತ್ತಳೆ ಸಿಪ್ಪೆಯಂತೆ ಗುಳಿ ಬಿದ್ದ ಚರ್ಮ, ಒಳಕ್ಕೆ ಎಳೆದುಕೊಂಡ ತೊಟ್ಟು, ಅದರಿಂದ ರಕ್ತ: ಇವುಗಳಲ್ಲಿ ಒಂದು ಕಂಡರೂ ತೋರಿಸಬೇಕು. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ಅಲ್ಲ ಎಂದು ಹೇಳಬೇಕಾದವರು ಮಾತ್ರ ಡಾಕ್ಟರು, ಪಕ್ಕದ ಮನೆಯವರಲ್ಲ. ಸೂಜಿ ಚುಚ್ಚಿ ಪರೀಕ್ಷೆ ಮಾಡಿದರೆ ಕ್ಯಾನ್ಸರ್ ಕೆರಳುತ್ತದೆ ಎಂಬುದು ಬರೀ ಹೆದರಿಕೆ.

ಆದ್ದರಿಂದ ನಾದಿನಿಯ ಜೊತೆ ಹೋಗಿ ಬನ್ನಿ. ಹೋದರೆ ಮುಂದಿನ ಸಾಲಿಗಿಂತ ಹಿಂದಿನ ಸಾಲಿನಲ್ಲಿ ನಡೆಯಿರಿ, ಮಾತು ಇರುವುದು ಅಲ್ಲಿ. ಅತ್ತಿಗೆಗೆ ಹೋದ ವರ್ಷ ಅಲ್ಲೇ ಒಬ್ಬರು ಸಿಕ್ಕರು. ನಮ್ಮ ಮನೆಯಿಂದ ಮೂರನೆಯ ಮನೆಯವರು. ಹತ್ತು ವರ್ಷದಿಂದ ಅರಿಶಿನ ಕುಂಕುಮಕ್ಕೆ ಬಂದು ಹೋಗುತ್ತಿರುವವರು. ಕೈ ಬೀಸಿ ನಡೆಯುವಾಗ ಅವರ ಶರ್ಟಿನ ತೋಳು ಮೇಲೆ ಸರಿದು, ಬಲಗೈಗೆ ಮಣಿಕಟ್ಟಿನಿಂದ ರಟ್ಟೆಯ ತನಕ ಹಾಕಿದ್ದ ಚರ್ಮದ ಬಣ್ಣದ ಬಿಗಿ ತೋಳುಚೀಲ ಕಂಡಿತು. ಕಂಕುಳಿನ ಗ್ರಂಥಿ ತೆಗೆದ ಮೇಲೆ ಕೆಲವರಿಗೆ ಕೈ ಊದುತ್ತದೆ, ಆ ಊತ ತಡೆಯಲು ಹಾಕುವುದು. ಅತ್ತಿಗೆ ಒಂದು ಕ್ಷಣ ಸುಮ್ಮನೆ ನೋಡಿದರು. ಆಮೇಲೆ ತಮ್ಮ ಎಡತೋಳನ್ನು ಮೇಲಕ್ಕೆ ಸರಿಸಿ ತೋರಿಸಿದರು.

‘ನಿಮ್ಮದು ಎಷ್ಟು ವರ್ಷವಾಯಿತು?’

‘ಆರು. ನಿಮ್ಮದು ಗರ್ಭಕೋಶ ಅಂದಿದ್ದರಲ್ಲ?’

‘ನೀವು ಬಿದ್ದು ಕೈ ಮುರಿಯಿತು ಅಂದಿರಿ.’

ಇಬ್ಬರೂ ನಡುಬೀದಿಯಲ್ಲಿ ನಿಂತು ನಕ್ಕರು. ಹಿಂದಿನಿಂದ ಬಂದ ಕಾಲೇಜು ಹುಡುಗಿಯರು ಸುತ್ತಿಬಳಸಿ ಮುಂದೆ ಹೋದರು. ಅಣ್ಣ ಫ್ಲಾಸ್ಕ್ ಹಿಡಿದು ದೂರದಲ್ಲೇ ನಿಂತ. ಮತ್ತೆ ನಡೆಯಲು ಶುರು ಮಾಡಿದಾಗ ಅವರು ಆಡುತ್ತಿದ್ದದ್ದು ತೋಳುಚೀಲದ ವಿಷಯ: ಎಲ್ಲಿ ತರಿಸಿದಿರಿ, ಆರು ತಿಂಗಳಿಗೇ ಸಡಿಲವಾಗುತ್ತದಲ್ಲ, ಸೋಪಿನ ಪುಡಿ ಹಾಕಬೇಡಿ, ಬಿಸಿಲಿಗೆ ಒಣಗಿಸಬೇಡಿ, ಮಳೆಗಾಲದಲ್ಲಿ ಒಣಗುವುದೇ ಇಲ್ಲ, ಅದಕ್ಕೆ ಎರಡು ಇಟ್ಟುಕೊಳ್ಳಿ.