ಮಗ್ಗುಲು ಬದಲಿಸಿದರೆ ತಲೆಸುತ್ತು: ಒಳಕಿವಿಯ ಹರಳಿನ ಹಿಂದಿನ ಕತೆ

ತಲೆ ಸುತ್ತುತ್ತಿದೆ ಅಂತ ನಾಲ್ಕು ಜನರ ಹತ್ತಿರ ಹೇಳಿ, ನಾಲ್ಕು ಕಾರಣ ಸಿಗುತ್ತವೆ. ಪಿತ್ತ ಜಾಸ್ತಿಯಾಗಿದೆ, ಬಿಪಿ ಇರಬೇಕು, ರಕ್ತ ಕಡಿಮೆ, ಕತ್ತಿನ ಮೂಳೆ ಸವೆದಿದೆ. ಒಂದೊಂದಕ್ಕೂ ಒಂದೊಂದು ಔಷಧಿ, ಒಂದೊಂದು ಪರೀಕ್ಷೆ. ಆದರೆ ಹಾಸಿಗೆಯಲ್ಲಿ ಹೊರಳಿದಾಗಲೋ, ಅಟ್ಟದ ಮೇಲಿನ ಡಬ್ಬ ತೆಗೆಯಲು ತಲೆ ಎತ್ತಿದಾಗಲೋ ಇಡೀ ಕೋಣೆ ಗಿರ್ರನೆ ತಿರುಗಿ, ಒಂದು ನಿಮಿಷದೊಳಗೆ ನಿಂತುಹೋಗುವ ತಲೆಸುತ್ತು ಬೇರೆಯದೇ. ಅದರ ಮೂಲ ಸಾಮಾನ್ಯವಾಗಿ ಒಳಕಿವಿಯಲ್ಲಿರುತ್ತದೆ. ವೈದ್ಯರು ಅದನ್ನು ಬಿಪಿಪಿವಿ (ಬಿನೈನ್ ಪ್ಯಾರಾಕ್ಸಿಸ್ಮಲ್ ಪೊಸಿಷನಲ್ ವರ್ಟಿಗೊ) ಎನ್ನುತ್ತಾರೆ. ಮಂಚದ ಮೇಲೆ ಕೆಲವೇ ನಿಮಿಷಗಳಲ್ಲಿ ಮುಗಿಯುವ ಚಿಕಿತ್ಸೆ ಇದಕ್ಕಿದೆ. ಅದು ಪ್ರಕಟವಾಗಿ ಮೂವತ್ತು ವರ್ಷ ದಾಟಿತು. ಆದರೂ ಎಷ್ಟೋ ಜನ ಅದರ ಹೆಸರನ್ನೇ ಕೇಳಿಲ್ಲ.

ಕಿವಿ ಇರುವುದು ಕೇಳಲು ಮಾತ್ರ ಅಲ್ಲ. ಒಳಕಿವಿಯಲ್ಲಿ ಮೂರು ಅರ್ಧವೃತ್ತದ ನಾಳಗಳಿವೆ. ಗಾರೆ ಕೆಲಸದವರ ರಸಮಟ್ಟದ ಹಾಗೆ ಅವುಗಳೊಳಗೂ ದ್ರವ ತುಂಬಿದೆ. ತಲೆ ತಿರುಗಿದಾಗ ದ್ರವ ಹಿಂದುಳಿಯುತ್ತದೆ, ಸೂಕ್ಷ್ಮ ರೋಮಗಳು ಬಾಗುತ್ತವೆ, ಮಿದುಳಿಗೆ ಸುದ್ದಿ ಹೋಗುತ್ತದೆ. ಪಕ್ಕದಲ್ಲೇ ಎರಡು ಪುಟ್ಟ ಚೀಲಗಳಿವೆ. ಅವುಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಹರಳುಗಳು ಕೂತಿರುತ್ತವೆ. ನೆಲ ಯಾವ ಕಡೆ ಇದೆ ಅಂತ ನಮಗೆ ತಿಳಿಯುವುದರಲ್ಲಿ ಅವುಗಳದ್ದು ದೊಡ್ಡ ಪಾಲು. ವಯಸ್ಸಾದಾಗ ಅಥವಾ ತಲೆಗೆ ಪೆಟ್ಟು ಬಿದ್ದಾಗ ಕೆಲವು ಹರಳು ಕಳಚಿ ನಾಳದೊಳಗೆ ಸೇರಿಕೊಳ್ಳುತ್ತವೆ. ಎಷ್ಟೋ ಸಲ ಕಾರಣವೇ ಗೊತ್ತಾಗುವುದಿಲ್ಲ. ತಲೆ ಅಲ್ಲಾಡಿದಾಗ ಹರಳು ಜಾರುತ್ತದೆ, ದ್ರವವನ್ನೂ ಎಳೆಯುತ್ತದೆ. ಕೂತಲ್ಲೇ ಕೂತಿದ್ದರೂ ತಿರುಗುತ್ತಿದ್ದೀಯ ಎಂಬ ಸುದ್ದಿ ಮಿದುಳಿಗೆ ಮುಟ್ಟುತ್ತದೆ.

ಇಷ್ಟು ತಿಳಿಯಲು ಒಂದೂವರೆ ಶತಮಾನ ಹಿಡಿಯಿತು. ಫ್ರಾನ್ಸಿನ ಫ್ಲೂರಾನ್ಸ್ 1820ರ ದಶಕದಲ್ಲಿ ಪಾರಿವಾಳಗಳ ಈ ನಾಳ ಕತ್ತರಿಸಿ, ಅವು ಸುತ್ತುವುದನ್ನು ಕಂಡರು. 1861ರಲ್ಲಿ ಪ್ಯಾರಿಸ್ಸಿನ ಮೆನಿಯೇರ್, ಕಿವುಡಿನ ಜೊತೆ ಬರುವ ತಲೆಸುತ್ತಿನ ಮೂಲ ಮಿದುಳಲ್ಲ, ಒಳಕಿವಿ ಎಂದರು. ಕಿವಿಗೆ ಬಿಸಿನೀರು, ತಣ್ಣೀರು ಬಿಟ್ಟು ಕಣ್ಣಿನ ಅದುರಾಟ ನೋಡುವ ಪರೀಕ್ಷೆಯನ್ನು ವಿಯೆನ್ನಾದ ಬಾರಾನಿ ರೂಪಿಸಿದರು. ಅವರಿಗೆ 1914ರ ನೊಬೆಲ್ ಸಂದಾಗ ಅವರು ರಷ್ಯನ್ನರ ಯುದ್ಧ ಕೈದಿ.

ಮಲಗಿದಾಗ ಬರುವ ಈ ತಲೆಸುತ್ತನ್ನು 1921ರಲ್ಲಿ ಬಾರಾನಿ ಬರೆದಿಟ್ಟರು. ರೋಗಿ 27ರ ಹೆಂಗಸು. 1952ರಲ್ಲಿ ಲಂಡನ್ನಿನ ಡಿಕ್ಸ್ ಮತ್ತು ಹಾಲ್‌ಪೈಕ್ ಇಂಥ ನೂರು ರೋಗಿಗಳನ್ನು ನೋಡಿ, ರೋಗ ಹಿಡಿಯುವ ದಾರಿ ಹೇಳಿಕೊಟ್ಟರು. ರೋಗಿಯ ತಲೆಯನ್ನು ಒಂದು ಕಡೆ ತಿರುಗಿಸಿ, ಬೇಗನೆ ಹಿಂದಕ್ಕೆ ಮಲಗಿಸಿ, ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗೆ ಬರುವಂತೆ ಹಿಡಿಯಬೇಕು. ರೋಗ ಆ ಕಡೆಯ ಕಿವಿಯದ್ದಾದರೆ ಕೆಲವು ಸೆಕೆಂಡುಗಳಲ್ಲಿ ಕಣ್ಣುಗುಡ್ಡೆ ತಿರುಚುತ್ತಾ ಅದುರುತ್ತದೆ, ಆಮೇಲೆ ತಣ್ಣಗಾಗುತ್ತದೆ. ಇದಕ್ಕೆ ಯಂತ್ರ ಬೇಡ, ರಕ್ತಪರೀಕ್ಷೆ ಬೇಡ. ಎಪ್ಪತ್ತು ವರ್ಷ ಕಳೆದರೂ ಇದನ್ನು ಮೀರಿಸುವ ಪರೀಕ್ಷೆ ಬಂದಿಲ್ಲ.

ರೋಗ ಹಿಡಿಯುವುದು ಗೊತ್ತಾಯಿತು, ವಾಸಿ ಮಾಡುವುದು ಗೊತ್ತಿರಲಿಲ್ಲ. 1960ರ ದಶಕದಲ್ಲಿ ಅಮೆರಿಕದ ಶುಕ್‌ನೆಕ್ಟ್ ತೀರಿಕೊಂಡ ರೋಗಿಗಳ ಕಿವಿಯ ಮೂಳೆ ಪರೀಕ್ಷಿಸಿದರು. ಹಿಂಬದಿಯ ನಾಳದ ಪರದೆಗೆ ಏನೋ ಅಂಟಿರುವುದು ಕಂಡಿತು. ಹರಳು ಅಲ್ಲಿ ಅಂಟಿಕೊಳ್ಳುವುದೇ ಕಾರಣ ಎಂದರು. ಆದರೆ ಅಂಟಿಕೊಂಡಿದ್ದರೆ ತಲೆ ಇಳಿಬಿಟ್ಟಷ್ಟು ಹೊತ್ತೂ ಸುತ್ತಬೇಕಲ್ವಾ? ಅರ್ಧ ನಿಮಿಷದಲ್ಲಿ ಯಾಕೆ ನಿಲ್ಲುತ್ತದೆ? ಹರಳು ಅಂಟಿಲ್ಲ, ದ್ರವದಲ್ಲಿ ಓಡಾಡುತ್ತಿದೆ ಎಂಬ ವಾದ 1979ರಲ್ಲಿ ಬಂತು. ಓರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನ ವೈದ್ಯ ಜಾನ್ ಎಪ್ಲಿ ಅದೇ ದಾರಿಯಲ್ಲಿ ಯೋಚಿಸಿದರು. ಓಡಾಡುವ ಹರಳಾದರೆ, ತಲೆಯನ್ನು ಸರಿಯಾದ ಕ್ರಮದಲ್ಲಿ ತಿರುಗಿಸಿ ಅದನ್ನು ನಾಳದಿಂದ ಆಚೆ ಜಾರಿಸಬಹುದು. ತಲೆ ಹೊರಳಿಸಿ, ಮೈ ಹೊರಳಿಸಿ, ಎದ್ದು ಕೂರಿಸುವುದು. ಅಷ್ಟೇ. ಮೊದಲು ಹೇಳಿದ ಚಿಕಿತ್ಸೆ ಇದೇ, ಹೆಸರು ಎಪ್ಲಿ ಮ್ಯಾನೂವರ್.

ಸಹವೈದ್ಯರು ನಂಬಲಿಲ್ಲ. ಸಭೆಗಳಲ್ಲಿ ನಕ್ಕರು. ವೈದ್ಯಕೀಯ ಪತ್ರಿಕೆಗಳು ಅವರ ಲೇಖನ ವಾಪಸ್ ಕಳಿಸಿದವು. ಅವರ ಲೇಖನ ಅಚ್ಚಾಗಿದ್ದು 1992ರಲ್ಲಿ. ಆಮೇಲೂ ರಾಜ್ಯದ ವೈದ್ಯಕೀಯ ಮಂಡಳಿಯ ವಿಚಾರಣೆ ಎದುರಿಸಿ, ಕೊನೆಗೆ ನಿರ್ದೋಷಿ ಎನಿಸಿಕೊಂಡರು. ಅದೇ 1992ರಲ್ಲಿ ಕೆನಡಾದ ಪಾರ್ನ್ಸ್ ಮತ್ತು ಮೆಕ್ಲೂರ್, ಶಸ್ತ್ರಚಿಕಿತ್ಸೆಗೆಂದು ತೆರೆದ ನಾಳದಲ್ಲಿ ತೇಲುವ ಕಣಗಳನ್ನು ಕಣ್ಣಾರೆ ಕಂಡದ್ದನ್ನು ಪ್ರಕಟಿಸಿದರು. ಈ ನಡುವಿನ ವರ್ಷಗಳಲ್ಲಿ ಕೆಲವರಿಗೆ ಆ ನಾಳದ ನರವನ್ನೇ ಕತ್ತರಿಸಲಾಗುತ್ತಿತ್ತು. ಕೈಯಲ್ಲಿ ಮಾಡಬಹುದಾದ ಕೆಲಸಕ್ಕೆ ಕತ್ತರಿ ಬಂದಿತ್ತು ಎನ್ನುವುದು ಬೇಸರದ ಸಂಗತಿ.

ಎಲ್ಲ ತಲೆಸುತ್ತೂ ಹರಳಿನದ್ದಲ್ಲ. ಮೆನಿಯೇರ್ ರೋಗದಲ್ಲಿ ಗಂಟೆಗಟ್ಟಲೆ ಸುತ್ತುತ್ತದೆ, ಕಿವಿ ಗುಂಯ್‌ಗುಡುತ್ತದೆ, ಕೇಳಿಸುವುದು ಕಡಿಮೆಯಾಗುತ್ತದೆ. ಸಮತೋಲನದ ನರ ಊದಿಕೊಂಡರೆ ದಿನಗಟ್ಟಲೆ. ಮೈಗ್ರೇನ್ ಇರುವವರಿಗೆ ತಲೆನೋವಿಲ್ಲದೆಯೂ ಸುತ್ತು ಬರಬಹುದು. ಮಾತು ತೊದಲಿದರೆ, ಎರಡೆರಡು ಕಂಡರೆ, ಕೈಕಾಲು ಸೋತರೆ, ನಿಲ್ಲಲೇ ಆಗದಿದ್ದರೆ ಅದು ಪಾರ್ಶ್ವವಾಯು ಇರಬಹುದು, ತಕ್ಷಣ ಆಸ್ಪತ್ರೆಗೆ ಓಡಬೇಕು.

ಅಮೆರಿಕದ ಕಿವಿ ಮೂಗು ಗಂಟಲು ವೈದ್ಯರ ಸಂಘ 2008ರಲ್ಲೇ ಹೇಳಿತು: ಬಿಪಿಪಿವಿಗೆ ಸುಮ್ನೆ ಸ್ಕ್ಯಾನ್ ಬೇಡ, ತಲೆಸುತ್ತು ಅಡಗಿಸುವ ಮಾತ್ರೆಯನ್ನು ವಾಡಿಕೆಯಂತೆ ಕೊಡಬೇಡಿ. ಮಾತ್ರೆ ವಾಕರಿಕೆ ತಗ್ಗಿಸೀತು, ಹರಳನ್ನು ಜಾಗಕ್ಕೆ ಸೇರಿಸುವುದಿಲ್ಲ. ನಮ್ಮಲ್ಲಿ ಇದನ್ನು ಬಲ್ಲವರಿಲ್ಲ ಎಂದಲ್ಲ. ಕಿವಿ ಮೂಗು ಗಂಟಲು ವೈದ್ಯರಿಗೆ, ನರರೋಗ ವೈದ್ಯರಿಗೆ ಇದು ಗೊತ್ತಿರುವ ವಿಷಯ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಕಲಿಯುವ ಶ್ರವಣ ತಜ್ಞರಿಗೂ ಸಮತೋಲನದ ಪರೀಕ್ಷೆಗಳು ಗೊತ್ತು. ಆದರೆ ಸಾಲು ಹೊರಗೆ ಬೆಳೆದಿರುವಾಗ ಒಬ್ಬರನ್ನು ಮಲಗಿಸಿ, ಕಣ್ಣು ನೋಡಿ, ಮತ್ತೆ ಹೊರಳಿಸುವ ಪುರುಸೊತ್ತು ಸಿಗುವುದು ಕಷ್ಟ. ಚೀಟಿ ಬರೆಯಲು ಅಷ್ಟು ಹೊತ್ತು ಬೇಡ.

ಹಾಗಾಗಿ ಯಾವ ಕಡೆ ಹೊರಳಿದರೆ ಜಾಸ್ತಿ ಸುತ್ತುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂದು ಗಮನಿಸಿ ವೈದ್ಯರಿಗೆ ಹೇಳಿ. ಮಲಗಿಸಿ ನೋಡುವ ಪರೀಕ್ಷೆ ಮಾಡುತ್ತೀರಾ ಎಂದು ಕೇಳಲು ಸಂಕೋಚ ಬೇಡ. ಯಾವ ಕಿವಿ, ಯಾವ ನಾಳ ಎಂದು ತಿಳಿಯದೆ ವಿಡಿಯೊ ನೋಡಿ ತಾವೇ ಮಾಡಿಕೊಳ್ಳುವುದು ಸರಿಯಲ್ಲ. ಕತ್ತಿನ ತೊಂದರೆ ಇರುವವರಂತೂ ಮುಂಚೆಯೇ ಹೇಳಬೇಕು. ವಾಸಿಯಾದ ಮೇಲೂ ಹರಳು ಮತ್ತೆ ಕಳಚಬಹುದು. ವಿಟಮಿನ್ ಡಿ ಕಡಿಮೆ ಇದ್ದವರಿಗೆ ಅದನ್ನೂ ಕ್ಯಾಲ್ಸಿಯಮ್ಮನ್ನೂ ಕೊಟ್ಟಾಗ ತಲೆಸುತ್ತು ಮರುಕಳಿಸುವುದು ಕಡಿಮೆಯಾಯಿತು ಎಂದು 2020ರಲ್ಲಿ ಕೊರಿಯಾದ ಅಧ್ಯಯನ ತೋರಿಸಿತು. ಪದೇ ಪದೇ ಬರುತ್ತಿದ್ದರೆ ಆ ರಕ್ತಪರೀಕ್ಷೆ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಿ.