ಸ್ಕೇಲು ಹಿಡಿದು ಓದಬೇಕಾದ ಹಾಳೆ

ದಾವಣಗೆರೆಯ ಪಿ.ಜೆ. ಬಡಾವಣೆಯ ಪತ್ರ ಬರಹಗಾರರೊಬ್ಬರು ಪ್ರಿಂಟರ್ ರಿಪೇರಿಗೆ ಕರೆಸಿಕೊಂಡಾಗ ಅವರ ಮೇಜಿನ ಮೇಲೆ ಹೊಸ ಕಾರ್ಟ್ರಿಡ್ಜ್‌ಗಳ ಎರಡು ಖಾಲಿ ಡಬ್ಬಿಗಳಿದ್ದವು. "ಎರಡು ಬದಲಾಯಿಸಿದೆ, ಚುಕ್ಕಿ ಮಾತ್ರ ಹೋಗ್ತಿಲ್ಲ ನೋಡ್ರಿ" ಎಂದು ಕ್ರಯಪತ್ರದ ಕರಡೊಂದನ್ನು ಮುಂದಿಟ್ಟರು. ಹಾಳೆಯ ಎಡ ಅಂಚಿಗೆ ಸಾಸಿವೆ ಕಾಳಿನಷ್ಟು ದೊಡ್ಡ ಕಪ್ಪು ಚುಕ್ಕಿ, ಒಂದರ ಕೆಳಗೊಂದರಂತೆ ಐದು ಕಡೆ ಮೂಡಿತ್ತು. ನಾನು ಚೀಲದಿಂದ ಸ್ಕ್ರೂಡ್ರೈವರ್ ತೆಗೆಯುವ ಮೊದಲು ಅವರ ಸ್ಕೇಲನ್ನು ಕೇಳಿ ಪಡೆದೆ.

ಲೇಸರ್ ಪ್ರಿಂಟರಿನೊಳಗೆ ಹಾಳೆಯನ್ನು ಮುಟ್ಟುವ ಬಹುಪಾಲು ಭಾಗಗಳು ಉರುಳೆಗಳೇ ಆಗಿರುವುದರಿಂದ, ಯಾವ ಉರುಳೆಯ ಮೇಲೆ ಗಾಯವಿದೆಯೋ ಅದು ಒಂದು ಸುತ್ತು ಮುಗಿಸಿದಾಗಲೆಲ್ಲ ಹಾಳೆಯ ಮೇಲೆ ಅದೇ ಗುರುತನ್ನು ಬಿಡುತ್ತದೆ. ಲೇಸರ್ ಬೆಳಕು ಬಿದ್ದ ಕಡೆ ಟೋನರ್ ಪುಡಿಯನ್ನು ಹಿಡಿದು ಹಾಳೆಗೆ ಇಳಿಸುವ ಉರುಳೆಯೇ ಡ್ರಮ್. ಸಣ್ಣ ಕಚೇರಿಗಳ ಯಂತ್ರಗಳಲ್ಲಿ ಸಾಮಾನ್ಯವಾಗಿರುವ ಡ್ರಮ್ಮಿನ ವ್ಯಾಸ 24 ಮಿ.ಮೀ., ಅಂದರೆ ಅದರ ಸುತ್ತಳತೆ ಸುಮಾರು 75 ಮಿ.ಮೀ. ಕಲೆಗಳ ನಡುವಿನ ಅಂತರ ಅಷ್ಟೇ ಇದ್ದರೆ ತಪ್ಪು ಡ್ರಮ್ಮಿನದು; ಸುಮಾರು 38 ಮಿ.ಮೀ. ಇದ್ದರೆ ಡ್ರಮ್ಮಿಗೆ ವಿದ್ಯುದಾವೇಶ ಕೊಡುವ, ನಾವು ಪಿಸಿಆರ್ ಎನ್ನುವ, 12 ಮಿ.ಮೀ. ವ್ಯಾಸದ ರಬ್ಬರ್ ಉರುಳೆಯದು. ಈ ಅಳತೆಗಳು ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತವೆ, ಲೆಕ್ಕ ಮಾತ್ರ ಬದಲಾಗುವುದಿಲ್ಲ. ಪತ್ರ ಬರಹಗಾರರ ಹಾಳೆಯಲ್ಲಿ ಅಂತರ 57 ಮಿ.ಮೀ.ಗೆ ಹತ್ತಿರವಿತ್ತು. ಅದು ಅವರ ಯಂತ್ರದ ಫ್ಯೂಸರಿನಲ್ಲಿ, ಅಂದರೆ ಪುಡಿಯನ್ನು ಕಾವಿನಿಂದ ಬೇಯಿಸಿ ಹಾಳೆಗೆ ಅಂಟಿಸುವ ಭಾಗದಲ್ಲಿ, ಇದ್ದ 18 ಮಿ.ಮೀ. ವ್ಯಾಸದ ಟೆಫ್ಲಾನ್ ಕೊಳವೆಯ ಸುತ್ತಳತೆ. ಬಿಚ್ಚಿ ನೋಡಿದಾಗ ಟೆಫ್ಲಾನ್ ಒಂದು ಕಡೆ ಸೀಳಿತ್ತು. ಕರಡು ತೆಗೆಯಲು ಹಳೆಯ ಹಾಳೆಗಳ ಹಿಂಬದಿಯನ್ನು ಬಳಸುವ ಅಭ್ಯಾಸ ಅವರದು. ಅವುಗಳಲ್ಲೊಂದು ಸ್ಟೇಪ್ಲರ್ ಪಿನ್ನಿನ ಸಮೇತ ಒಳಗೆ ಹೋಗಿತ್ತು. ಕಾರ್ಟ್ರಿಡ್ಜ್ ಎಷ್ಟು ಬದಲಾಯಿಸಿದರೂ ಆ ಚುಕ್ಕಿ ಹೋಗುತ್ತಿರಲಿಲ್ಲ.

ಉದ್ದುದ್ದ ಗೆರೆಗಳ ಕಥೆ ಬೇರೆ. ಡ್ರಮ್ಮನ್ನು ಒರೆಸುವ ವೈಪರ್ ಬ್ಲೇಡ್ ಸವೆದಿದ್ದರೆ, ಅಥವಾ ರೀಫಿಲ್ ಮಾಡಿದವರು ಪ್ರತಿ ಸಲ ಹೊಸ ಪುಡಿ ತುಂಬಿ ವೇಸ್ಟ್ ಟೋನರನ್ನು, ಅಂದರೆ ಡ್ರಮ್ಮಿನಿಂದ ಒರೆಸಿ ತೆಗೆದ ಪುಡಿಯನ್ನು, ಮಾತ್ರ ಖಾಲಿ ಮಾಡದೆ ಬಿಟ್ಟಿದ್ದರೆ, ಹಾಳೆಯ ಮೇಲಿಂದ ಕೆಳಗಿನವರೆಗೆ ಕಪ್ಪು ಗೆರೆ ಬೀಳುತ್ತದೆ. ಎರಡನೆಯ ಕಾರಣವನ್ನೇ ನಾನು ಹೆಚ್ಚು ಕಂಡಿದ್ದೇನೆ. ಬಿಳಿ ಗೆರೆಯಾದರೆ ಕಾರ್ಟ್ರಿಡ್ಜನ್ನು ಹೊರತೆಗೆದು, ಮಟ್ಟಸವಾಗಿ ಹಿಡಿದು, ನಾಲ್ಕೈದು ಸಲ ಮೆಲ್ಲಗೆ ಅಲುಗಿಸಿ ಮತ್ತೊಂದು ಪ್ರಿಂಟ್ ತೆಗೆಯಬೇಕು. ಗೆರೆ ಕಡಿಮೆಯಾದರೆ ಪುಡಿ ಮುಗಿಯುತ್ತಿದೆ ಎಂದರ್ಥ. ಗೆರೆ ಕೂದಲೆಳೆಯಷ್ಟೂ ಕದಲದೆ ಅಲ್ಲೇ ಉಳಿದರೆ ಲೇಸರ್ ಹೊರಬರುವ ಗಾಜಿನ ಮೇಲೆ ಧೂಳು ಕೂತಿರುವ ಸಂಭವ ಹೆಚ್ಚು: ಬೆಳಕು ಬೀಳದ ಜಾಗಕ್ಕೆ ಪುಡಿ ಅಂಟುವುದಿಲ್ಲ. ಮಂಡಕ್ಕಿ ಭಟ್ಟಿಗಳ ಆಸುಪಾಸಿನ ಅಂಗಡಿಗಳಲ್ಲಿ ಮಸಿ, ಅಕ್ಕಿ ಗಿರಣಿಗಳ ಕಚೇರಿಗಳಲ್ಲಿ ತೌಡಿನ ಧೂಳು ಈ ಗಾಜಿನ ಮೇಲೆ ಪದರದಂತೆ ಕೂತಿರುವುದನ್ನು ನಾನು ಮತ್ತೆ ಮತ್ತೆ ಒರೆಸಿದ್ದೇನೆ. ವಿದ್ಯುತ್ ತಂತಿಯನ್ನು ಕಿತ್ತ ಮೇಲೆ, ಎಳೆ ಬಿಡದ ಒಣ ಬಟ್ಟೆಯಿಂದಷ್ಟೇ ಒರೆಸಬೇಕು.

ಹಾಳೆ ಪೂರ್ತಿ ಕಪ್ಪಾಗಿ ಬಂದರೆ ಗಾಬರಿಯಾಗಬೇಕಿಲ್ಲ. ಪಿಸಿಆರ್‌ಗೆ ವಿದ್ಯುತ್ ಸಂಪರ್ಕ ತಪ್ಪಿ ಡ್ರಮ್ಮಿಗೆ ಆವೇಶ ಸಿಗದಿರುವುದೇ ಸಾಮಾನ್ಯ ಕಾರಣ. ಪೂರ್ತಿ ಖಾಲಿ ಬಂದರೆ, ಹೊಸ ಕಾರ್ಟ್ರಿಡ್ಜಿನ ಸೀಲ್ ಪಟ್ಟಿಯನ್ನು ಎಳೆದಿದ್ದೀರಾ ಎಂಬುದನ್ನು ಮೊದಲು ನೋಡಿ. ಕೇಳಲು ಸಂಕೋಚವಾಗುವ ಪ್ರಶ್ನೆ, ಆದರೂ ನಾನು ಕೇಳುತ್ತೇನೆ.

ತಪ್ಪು ಫ್ಯೂಸರಿನದೋ ಅದಕ್ಕಿಂತ ಮೊದಲಿನದೋ ಎಂಬ ಅನುಮಾನ ಉಳಿದರೆ, ಹಾಳೆ ಅರ್ಧ ಒಳಗಿರುವಾಗಲೇ ಮುಚ್ಚಳ ತೆರೆದು ಯಂತ್ರವನ್ನು ನಿಲ್ಲಿಸಿ, ಹಾಳೆಯನ್ನು ಹುಷಾರಾಗಿ ಹೊರತೆಗೆಯಬೇಕು. ಅದರ ಮೇಲಿನ ಪುಡಿ ಇನ್ನೂ ಬೇಯದ ಕಾರಣ ಕೈ ತಾಗಿದರೆ ಅಳಿಸಿಹೋಗುತ್ತದೆ. ಅಲ್ಲಿ ಅಕ್ಷರ ಸ್ಪಷ್ಟವಾಗಿದ್ದು, ಪೂರ್ತಿ ಹೊರಬಂದ ಪ್ರಿಂಟಿನಲ್ಲಿ ಮಾತ್ರ ಕೆಟ್ಟಿದ್ದರೆ ಫ್ಯೂಸರನ್ನು ನೋಡಬೇಕು. ಡ್ರಮ್ಮಿನ ಮೇಲೆ ಅಕ್ಷರ ಮೂಡಿದ್ದು ಹಾಳೆಗೆ ಇಳಿದಿರದಿದ್ದರೆ ಪುಡಿಯನ್ನು ಡ್ರಮ್ಮಿನಿಂದ ಹಾಳೆಗೆ ಸೆಳೆಯುವ ಟ್ರಾನ್ಸ್‌ಫರ್ ರೋಲರನ್ನು ನೋಡಬೇಕು. ಈ ಪರೀಕ್ಷೆ ಮಾಡುವಾಗ ಡ್ರಮ್ಮನ್ನು ಬೆರಳಿನಿಂದ ಮುಟ್ಟಬಾರದು, ಬಿಸಿಲಿಗೆ ಇಡಬಾರದು. ಬಟ್ಟೆಗೆ ಪುಡಿ ತಾಗಿದರೆ ತಣ್ಣೀರೇ ಗತಿ. ಬಿಸಿ ನೀರು ಹಾಕಿದರೆ ಪುಡಿ ಕರಗಿ ನೂಲಿಗೇ ಹಿಡಿದುಬಿಡುತ್ತದೆ.

ಮಳೆಗಾಲದಲ್ಲಿ ಕಾರ್ಟ್ರಿಡ್ಜ್ ಮೇಲೆ ಬರುವ ದೂರುಗಳಲ್ಲಿ ಎಷ್ಟೋ ನಿಜಕ್ಕೂ ಕಾಗದದ ದೂರುಗಳು. ನೆಲದ ಮೇಲೆ, ಗೋಡೆಗೆ ಒತ್ತಿಟ್ಟ ಬಂಡಲಿನ ಹಾಳೆ ತೇವ ಹೀರಿರುತ್ತದೆ. ತೇವದ ಕಾಗದದಲ್ಲಿ ಪುಡಿಯನ್ನು ಸೆಳೆಯಬೇಕಾದ ಆವೇಶ ಸೋರಿಹೋಗುವುದರಿಂದ ಅಕ್ಷರ ಅಲ್ಲಲ್ಲಿ ಮಸುಕಾಗುತ್ತದೆ. ನೋಂದಣಿಗೆ ಬಳಸುವ ದಪ್ಪ ಡಾಕ್ಯುಮೆಂಟ್ ಹಾಳೆಯಲ್ಲಿ ಅಕ್ಷರ ಉಗುರಿಗೇ ಉದುರಿದರೆ, ಫ್ಯೂಸರಿಗೆ ಕೈ ಹಾಕುವ ಮೊದಲು ಕಂಪ್ಯೂಟರಿನಲ್ಲಿ ಪ್ರಿಂಟರಿನ ಕಾಗದದ ಆಯ್ಕೆಯನ್ನು ಸಾದಾದಿಂದ ದಪ್ಪಕ್ಕೆ ಬದಲಿಸಿ ನೋಡಬೇಕು. ಆಗ ಯಂತ್ರವು ಹಾಳೆಗೆ ಹೆಚ್ಚು ಕಾವು ಕೊಡುತ್ತದೆ, ಇಲ್ಲವೇ ನಿಧಾನವಾಗಿ ಸಾಗಿಸುತ್ತದೆ, ಪುಡಿ ಸರಿಯಾಗಿ ಬೇಯುತ್ತದೆ. ಕ್ರಯಪತ್ರ ಮುಗಿಸಿ ಸಾದಾ ಹಾಳೆಗೆ ಮರಳುವಾಗ ಆಯ್ಕೆಯನ್ನು ಹಿಂದಕ್ಕೆ ತಿರುಗಿಸಲು ಮರೆತರೆ, ಮುಂದಿನ ಪ್ರಿಂಟುಗಳು ಹಪ್ಪಳದಂತೆ ಸುರುಳಿಯಾಗಿ ಬರುತ್ತವೆ.