ನಡುಕದ ಮಾತ್ರೆ ಕಣ್ಣಿನ ಕಡೆ ತಿರುಗಿದ ಕಥೆ

ಬಾಗಿಲ ಚೌಕಟ್ಟು ಸೊಟ್ಟಗೆ ಕಾಣುತ್ತದೆ. ಎದುರು ಕೂತವರ ಕಿವಿ, ಕೂದಲು ಸರಿಯಾಗಿ ಕಂಡರೂ ಮುಖ ಮಾತ್ರ ಮಬ್ಬು. ವಯಸ್ಸಾದಂತೆ ಕಣ್ಣಿನ ಹಿಂದಿನ ಪರದೆ ರೆಟಿನಾದ ನಡುಭಾಗ, ಅಂದರೆ ಮ್ಯಾಕ್ಯುಲಾ ಸವೆದರೆ ಹೀಗಾಗುತ್ತದೆ. ಅಲ್ಲಿ ರಕ್ತನಾಳ ಬೆಳೆದು ಸೋರತೊಡಗಿದರೆ ಕಣ್ಣಿನೊಳಗೇ ಇಂಜೆಕ್ಷನ್ ಚುಚ್ಚಬೇಕು, ಅದೂ ಮತ್ತೆ ಮತ್ತೆ. ಹಾಗಿರುವಾಗ ಕೈಕಾಲು ನಡುಗಿಸುವ ಕಾಯಿಲೆ ಪಾರ್ಕಿನ್ಸನ್ಸ್‌ನ ಹಳೇ ಮಾತ್ರೆ ಲೆವೊಡೋಪಾ ಇದಕ್ಕೂ ಆಗಬಹುದು ಅಂದರೆ ಯಾರಿಗೆ ಬೇಡ?

ಲೆವೊಡೋಪಾದ ಮೂಲ ಕಾಳು. 1913ರಲ್ಲಿ ರಸಾಯನತಜ್ಞ ಮಾರ್ಕುಸ್ ಗುಗೆನ್‌ಹೈಮ್ ಯುರೋಪಿನ ಒಂದು ಬಗೆಯ ಅವರೆಯಂಥ ಕಾಳಿನಿಂದ ಇದನ್ನು ಬೇರ್ಪಡಿಸಿ, ತಾವೇ 2.5 ಗ್ರಾಂ ನುಂಗಿ ವಾಂತಿ ಮಾಡಿಕೊಂಡರು. 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ನಸುಗುನ್ನಿ ಬೀಜದಿಂದಲೂ ಇದನ್ನು ತೆಗೆದರು. ಹೌದು, ಮೈಗೆ ತಾಗಿದರೆ ಕುಣಿಸಿಬಿಡುವ ಅದೇ ಬಳ್ಳಿ! 1967ರಲ್ಲಿ ವೈದ್ಯ ಜಾರ್ಜ್ ಕೋಟ್ಜಿಯಾಸ್ ದೊಡ್ಡ ಡೋಸ್ ಕೊಟ್ಟು ಪಾರ್ಕಿನ್ಸನ್ಸ್ ರೋಗಿಗಳಲ್ಲಿ ಫಲ ತೋರಿಸಿದ ಮೇಲೆ ಇದು ಔಷಧಿಯಾಗಿ ನಿಂತಿತು.

ಕಣ್ಣಿನ ಸುಳಿವು ಸಿಕ್ಕಿದ್ದು ಬಣ್ಣದಿಂದ. ಕಪ್ಪು ಮೈಬಣ್ಣದವರಲ್ಲಿ ಈ ತೊಂದರೆ ಕಡಿಮೆ. ರೆಟಿನಾದ ಹಿಂದಿನ ಬಣ್ಣದ ಪದರ ಮೆಲನಿನ್ ಎಂಬ ಕಪ್ಪು ಬಣ್ಣ ತಯಾರಿಸುವಾಗ ಡೋಪಾ, ಅಂದರೆ ಇದೇ ಲೆವೊಡೋಪಾ ಕೂಡ ಹುಟ್ಟುತ್ತದೆ. ಆ ಜೀವಕೋಶಗಳಲ್ಲಿ ಡೋಪಾ ಬಂದು ಕೂರುವ ಒಂದು ರಿಸೆಪ್ಟರ್ ಇದೆ ಎಂದು 2008ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಬ್ರಯಾನ್ ಮೆಕೇ ತಂಡ ತೋರಿಸಿತು. ಡೋಪಾ ಕೂತರೆ, ರಕ್ತನಾಳ ಬೆಳೆಸುವ ವಿಇಜಿಎಫ್ ಎಂಬ ಪ್ರೊಟೀನ್ ಕಡಿಮೆಯಾಗುತ್ತದೆ. ಕಣ್ಣಿನ ಇಂಜೆಕ್ಷನ್ ತಡೆಯುವುದೂ ಅದನ್ನೇ.

ಮುಂದಿನದೇ ನನಗೆ ಜಾಸ್ತಿ ಇಷ್ಟವಾದ ಭಾಗ. ಹೊಸ ಪ್ರಯೋಗವೇನೂ ಇಲ್ಲ, ಸುಮ್ನೆ ಹಳೇ ಆಸ್ಪತ್ರೆ ದಾಖಲೆ ತೆರೆದು ನೋಡಿದರು. 2016ರಲ್ಲಿ ಮರ್ರೆ ಬ್ರಿಲಿಯಂಟ್, ಮೆಕೇ ಮತ್ತಿತರರು ಪ್ರಕಟಿಸಿದ ಲೆಕ್ಕದಲ್ಲಿ, ಬೇರೆ ಕಾರಣಕ್ಕೆ ಲೆವೊಡೋಪಾ ತಿನ್ನುತ್ತಿದ್ದವರಿಗೆ ಈ ರೋಗ ಬಂದದ್ದು ಸರಾಸರಿ 79ನೇ ವಯಸ್ಸಿಗೆ, ಉಳಿದವರಿಗೆ 71ಕ್ಕೆ. ಎಂಟು ವರ್ಷ! ಆದರೆ ನಡುಕ ಇದ್ದವರು ಕಣ್ಣಿನ ಡಾಕ್ಟರ ಹತ್ತಿರ ಹೋಗುವುದೇ ತಡವಾಗಿರಬಹುದು ಅಲ್ವಾ? ದಾಖಲೆಯೊಂದರಿಂದಲೇ ಅಂಥ ಅನುಮಾನ ಪೂರ್ತಿ ಹೋಗುವುದಿಲ್ಲ.

ಆಮೇಲೆ ನಾಳ ಸೋರುವ ಬಗೆಯ 20 ಹೊಸ ರೋಗಿಗಳಿಗೆ ಮೊದಲ ನಾಲ್ಕು ವಾರ ಲೆವೊಡೋಪಾ ದಾರಿಯಲ್ಲೇ ಒಡೆಯದಂತೆ ಕಾಯುವ ಕಾರ್ಬಿಡೋಪಾ ಸೇರಿದ ಲೆವೊಡೋಪಾ ಮಾತ್ರೆ ಕೊಟ್ಟು ನೋಡಿದರು. ರೆಟಿನಾದ ನೀರು ಇಳಿಯಿತು, ದೃಷ್ಟಿ ಸ್ವಲ್ಪ ಸುಧಾರಿಸಿತು. ಆದರೆ ಹೋಲಿಸಲು ಔಷಧಿ ಇಲ್ಲದ ಖಾಲಿ ಮಾತ್ರೆ ತಿಂದ ಗುಂಪು ಇರಲಿಲ್ಲ, 20 ಜನ ತೀರಾ ಕಡಿಮೆ.

ಈ ಮಾತ್ರೆಯಿಂದ ವಾಕರಿಕೆ ಬರುತ್ತದೆ, ಎದ್ದು ನಿಂತಾಗ ಬಿಪಿ ಇಳಿದು ತಲೆ ತಿರುಗುತ್ತದೆ, ಎಪ್ಪತ್ತು ದಾಟಿದವರು ಬಿದ್ದು ಸೊಂಟ ಮುರಿದುಕೊಳ್ಳಬಹುದು. ಅಜ್ಜಿಗೆ ನಸುಗುನ್ನಿ ಪುಡಿ ತರಿಸುವ ಯೋಚನೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ.